ಮುತ್ಯಾನ ಹೆಸರಿನ ಕೆಂಪು ರಸ

ಇಲ್ಲಿ ಬರೆಯುವುದರಲ್ಲಿ ಕೆಲವನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ನನ್ನ ಅಜ್ಜ, ಮುತ್ಯಾ, ಶಾಲಿನೊಳಗೆ ಮುಚ್ಚಿಕೊಂಡು ತರುತ್ತಿದ್ದ ಲೋಟ ನನ್ನ ಕಣ್ಣಿಗೆ ಇವತ್ತಿಗೂ ಹಿತ್ತಾಳೆಯದಾಗಿಯೇ ಕಾಣುತ್ತದೆ. ಹುಳಿ ಇರುವುದನ್ನು ಹಿತ್ತಾಳೆಯಲ್ಲಿ ಯಾರು ಹಾಕುತ್ತಾರೆ, ಅದು ಸ್ಟೀಲಿನದು ಎಂದು ಅವ್ವ ನಗುತ್ತಾಳೆ. ಅವಳು ಹೇಳುವುದೇ ಸರಿ ಇರಬೇಕು. ನಾನು ಡೈರಿ ಬರೆಯಲು ಶುರು ಮಾಡಿದ್ದು ಮುತ್ಯಾ ತೀರಿಕೊಂಡ ಮರುವರ್ಷ, ಐದನೆಯ ಇಯತ್ತೆಯಲ್ಲಿದ್ದಾಗ. ಹಾಗಾಗಿ ಎಲ್ಲ ಬರೆದಿಟ್ಟಿದ್ದೇನೆ ಎಂಬ ಧೈರ್ಯ ಬಹಳ ಕಾಲ ಇತ್ತು. ಮೊನ್ನೆ ಹಳೆಯ ಟ್ರಂಕಿನಿಂದ ಆ ಡೈರಿ ತೆಗೆದು ನೋಡಿದೆ. ನಮ್ಮ ಮನೆಯ ಮಟ್ಟಿಗೆ ಅತಿ ದೊಡ್ಡದೆಂದು ನಾನು ತಿಳಿದಿದ್ದ ದಿನದ ಪುಟದಲ್ಲಿ ಇರುವುದು ಇಷ್ಟೇ: “ಇವತ್ತು ಮಣ್ಣೆತ್ತಿನ ಅಮಾವಾಸ್ಯೆ. ಜಗಳ. ಹೋಳಿಗೆ ತಣ್ಣಗಾದವು.” ಉಳಿದದ್ದು ನಾನು ಕಂಡದ್ದೋ, ಆಮೇಲೆ ಅವ್ವನಿಂದ ಕೇಳಿದ್ದೋ, ಬೇಕೆನಿಸಿ ಸೇರಿಸಿಕೊಂಡದ್ದೋ ಬೇರ್ಪಡಿಸಿ ಹೇಳುವುದು ಕಷ್ಟ. ಗೊತ್ತಿಲ್ಲದ ಕಡೆ ಗೊತ್ತಿಲ್ಲ ಎಂದೇ ಬರೆಯುತ್ತೇನೆ.

ನಮ್ಮ ಮನೆ ಮಸ್ಕಿಯಲ್ಲಿ, ಗುಡ್ಡದ ಕೆಳಗಿನ ಓಣಿಯಲ್ಲಿತ್ತು. ಪಡಸಾಲೆ, ಅದರ ಹಿಂದೆ ಕಾಳಿನ ಚೀಲಗಳ ಕತ್ತಲೆ ಖೋಲಿ, ಅದರಾಚೆ ದೇವರ ಖೋಲಿ, ಕೊನೆಗೆ ಅಡುಗೆಮನೆ ಮತ್ತು ಬಚ್ಚಲು. ಎಲ್ಲವೂ ಒಂದರ ಹಿಂದೊಂದು ಇದ್ದುದರಿಂದ ಪಡಸಾಲೆಯಲ್ಲಿ ಗಂಡಸರು ಆಡಿದ ಮಾತು ಒಲೆಯ ಮುಂದೆ ಕೂತವರಿಗೆ ಚೆನ್ನಾಗಿ ಕೇಳುತ್ತಿತ್ತು. ಒಲೆಯ ಮುಂದಿನ ಮಾತು ಪಡಸಾಲೆಗೆ ಕೇಳುತ್ತಿರಲಿಲ್ಲ. ಗಾಳಿಯ ದಿಕ್ಕು ಹಾಗಿತ್ತೋ, ಹೆಂಗಸರು ಮೆಲ್ಲಗೆ ಮಾತಾಡುತ್ತಿದ್ದರೋ. ಊರಿನಿಂದ ಲಿಂಗಸುಗೂರಿನ ದಾರಿಯಲ್ಲಿ ನಾಲ್ಕು ಮೈಲಿ ಹೋದರೆ ನಮ್ಮ ದ್ರಾಕ್ಷಿ ತೋಟ, ತೋಟದೊಳಗೆ ಕಲ್ಲಿನ ಗೋಡೆಯ ಉದ್ದನೆಯ ಕಟ್ಟಡ. ಅದನ್ನು ನಾವು ಕಾರಖಾನೆ ಎನ್ನುತ್ತಿದ್ದೆವು. ಒಳಗೆ ಮರದ ಪೀಪಾಯಿಗಳು, ಎದೆಯೆತ್ತರದ ಪಿಂಗಾಣಿ ಭರಣಿಗಳು, ಬಾಟ್ಲಿ ತೊಳೆಯುವ ತೊಟ್ಟಿ. ಬ್ಯಾಸಗಿಯಲ್ಲಿ ಕರಿ ದ್ರಾಕ್ಷಿ ಇಳಿಸುವ ಹೊತ್ತಿಗೆ ಅಕ್ಕಪಕ್ಕದ ಹಳ್ಳಿಗಳ ಹೆಂಗಸರು ಬಂದು ಸಾಲಾಗಿ ಕೂತು, ಬಿದಿರಿನ ಜರಡಿಯ ಮೇಲೆ ಗೊಂಚಲುಗಳನ್ನು ಅಂಗೈಯಿಂದ ತಿಕ್ಕುತ್ತಿದ್ದರು. ಸಂಜೆ ಅವರ ಕೈಗಳು ಮೊಳಕೈತನಕ ನೇರಳೆ. ತೊಳೆದರೂ ಎಂಟು ದಿನ ಹೋಗುತ್ತಿರಲಿಲ್ಲ. ಅವರು ಬಡಿಯುವ ರೊಟ್ಟಿಗೆ ಬಣ್ಣ ಹತ್ತುತ್ತದೆಂದು ಅವರ ಗಂಡಂದಿರು ತಕರಾರು ಮಾಡುತ್ತಿದ್ದರಂತೆ.

ಅಲ್ಲಿ ತಯಾರಾಗುತ್ತಿದ್ದುದು ಸಿಹಿಯಾದ ಕೆಂಪು ವೈನು. ಆದರೆ ಆ ಶಬ್ದ ನಮ್ಮ ಮನೆಯಲ್ಲಿ ಬಳಕೆಯಲ್ಲಿರಲಿಲ್ಲ. ಸೆರೆ ಎಂಬ ಹೆಂಡದ ಹೆಸರಂತೂ ಬೈಗುಳದ ಹಾಗೆ. ಮನೆಯಲ್ಲಿ ಅದು ‘ರಸ’, ಊರಲ್ಲಿ ‘ಟಾನಿಕ್’. ಬಾಣಂತಿಯರಿಗೆ, ಟೈಫಾಯಿಡಿನಿಂದ ಎದ್ದವರಿಗೆ ಎಂದು ಹೇಳಿ ಒಯ್ಯುತ್ತಿದ್ದರು. ನಮ್ಮ ಮನೆಗೆ ಪೂಜೆಗೆ ಬರುತ್ತಿದ್ದ ಅಯ್ಯನವರಿಗೂ ಚಳಿಗಾಲದಲ್ಲಿ ಕೆಮ್ಮಿಗೆಂದು ಒಂದು ಬಾಟ್ಲಿ ಪೇಪರಿನಲ್ಲಿ ಸುತ್ತಿ ಹೋಗುತ್ತಿತ್ತು. ಅವರ ಕೆಮ್ಮು ಯುಗಾದಿಯವರೆಗೆ ನಿಲ್ಲುತ್ತಿರಲಿಲ್ಲ. ಇದನ್ನೆಲ್ಲ ಕಟ್ಟಿದವನು ಮುತ್ಯಾ, ಅಂದರೆ ನನ್ನ ತಂದೆಯ ತಂದೆ. ನಿಜಾಮರ ಕಾಲದಲ್ಲಿ ಹುಡುಗನಾಗಿ ಹೈದರಾಬಾದಿಗೆ ಹೋಗಿ, ಯಾರೋ ನವಾಬರ ತೋಟದಲ್ಲಿ ಬಳ್ಳಿ ಕಟ್ಟುವ ಕೆಲಸ ಮಾಡಿ, ಅಲ್ಲಿಯ ಮುದುಕ ಮಾಲಿಯಿಂದ ಈ ವಿದ್ಯೆ ಕಲಿತು ಬಂದಿದ್ದ. ಬಳ್ಳಿಯ ಕಡ್ಡಿಗಳನ್ನು ಒದ್ದೆ ಗೋಣಿಚೀಲದಲ್ಲಿ ಸುತ್ತಿ ರೈಲಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಇಟ್ಟುಕೊಂಡು ತಂದೆ ಎಂದು ಹೇಳುತ್ತಿದ್ದ. ಒಮ್ಮೊಮ್ಮೆ ರೈಲಿನ ಬದಲು ಲಾರಿಯೂ ಆಗುತ್ತಿತ್ತು. ನನ್ನ ನೆನಪಿನ ಅಳ್ಳಕತನ ಎಲ್ಲಿಂದ ಬಂತು ಎಂದು ಇದರಿಂದ ತಿಳಿಯುತ್ತದೆ.

ಮುತ್ಯಾನ ಬಗ್ಗೆ ಎಲ್ಲರೂ ಒಪ್ಪುವ ಸಂಗತಿ ಒಂದಿದೆ. ಅವನು ತಾನು ಮಾಡಿದ ರಸವನ್ನು ಒಂದು ದಿನವೂ ಬಾಯಿಗೆ ಹಾಕಲಿಲ್ಲ. ಎದೆಯ ಮೇಲೆ ಲಿಂಗದ ಕರಡಿಗೆ ಇತ್ತು. ಅದಿರುವವನು ಇದನ್ನು ಮುಟ್ಟಬಾರದು ಎಂಬುದು ಅವನ ಲೆಕ್ಕ. ಮಾಡಬಹುದು, ಮಾರಬಹುದು, ಕುಡಿಯಬಾರದು. ಹಾಗಾದರೆ ಮಾಲು ಪಕ್ವವಾದದ್ದು ಹೇಗೆ ತಿಳಿಯುತ್ತಿತ್ತು? ಅವನು ಪೀಪಾಯಿಗೆ ಕಿವಿ ಹಚ್ಚಿ ಒಳಗಿನ ಕುದಿತ ಕೇಳುತ್ತಿದ್ದ. ಅಂಗೈಗೆ ಎರಡು ಹನಿ ಹಾಕಿಕೊಂಡು ತಿಕ್ಕಿ ಮೂಗಿಗೆ ಹಿಡಿಯುತ್ತಿದ್ದ. ಹಳೆಯ ಧೋತರದ ಚೂರನ್ನು ಅದ್ದಿ, ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಅಂಚಿಗೆ ಯಾವ ಬಣ್ಣ ಬಂತೆಂದು ನೋಡುತ್ತಿದ್ದ. ನೋಡಲು ಬಂದವರು ಇದನ್ನೆಲ್ಲ ಕಂಡು ಬೆರಗಾಗಿ ಹೋಗುತ್ತಿದ್ದರು. ಅಷ್ಟಾದ ಮೇಲೆ, ಬಾಟ್ಲಿಗೆ ತುಂಬುವ ಹಿಂದಿನ ದಿನ, ಒಂದು ಲೋಟ ರಸ ಮುಚ್ಚಳದೊಡನೆ ಅವನ ಶಾಲಿನ ಮರೆಯಲ್ಲಿ ಮನೆಗೆ ಬರುತ್ತಿತ್ತು. ಮುತ್ಯಾ ಪಡಸಾಲೆಯಲ್ಲಿ ಯಾರಿದ್ದರೂ ಮಾತಾಡಿಸದೆ ಸೀದಾ ಅಡುಗೆಮನೆಗೆ ಹೋಗಿ, ಆಯಿ ಒಬ್ಬಳೇ ಇದ್ದರೆ ಕದ ಮುಂದೆ ಮಾಡಿಕೊಳ್ಳುತ್ತಿದ್ದ. ಆಯಿ ಅಂದರೆ ಅವನ ಹೆಂಡತಿ, ನನ್ನ ಅಜ್ಜಿ. ಸ್ವಲ್ಪ ಹೊತ್ತಿಗೆ ಖಾಲಿ ಲೋಟ ಹಿಡಿದು ಹೊರಬರುತ್ತಿದ್ದ. ಕೆಲವು ಸಲ ಮುಖ ಅರಳಿರುತ್ತಿತ್ತು. ಕೆಲವು ಸಲ ಊಟ ಮಾಡದೆ ಕಾರಖಾನೆಗೆ ವಾಪಸು ಹೋಗುತ್ತಿದ್ದ. ದೇವರಿಗೆ ತೋರಿಸಿ ತುಳಸಿ ಗಿಡಕ್ಕೆ ಹಾಕುತ್ತಾರೆ ಎಂದು ಅವ್ವ ನಮಗೆ ಹೇಳಿದ್ದಳು. ಅವಳೂ ಹಾಗೆಯೇ ನಂಬಿದ್ದಳಂತೆ. ದೇವರ ಖೋಲಿ ಬಿಟ್ಟು ಅಡುಗೆಮನೆಯ ಕದ ಯಾಕೆ ಹಾಕುತ್ತಾರೆ ಎಂದು ಇಪ್ಪತ್ತು ಜನರ ಆ ಮನೆಯಲ್ಲಿ ಯಾರಿಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ.

ಮನೆಯ ಮಡಿಯೆಲ್ಲ ಆಯಿಯ ಕೈಯಲ್ಲಿತ್ತು. ಬೆಳಗಿನ ಲಿಂಗಪೂಜೆ ಮುಗಿಸಿ ಅವಳು ದೇವರ ಖೋಲಿಯ ಹೊಸ್ತಿಲಿಗೆ ಬಂದು ಕೂತರೆ, ನಾವು ಒಬ್ಬೊಬ್ಬರಾಗಿ ಹೋಗಿ ಹಣೆ ಒಡ್ಡಿ, ಆಮೇಲೆ ಕೈ ಒಡ್ಡಬೇಕು. ವಿಭೂತಿ ಹಚ್ಚಿ, ಅಂಗೈಗೆ ಒಂದು ಚೂರು ಕೊಬ್ಬರಿ, ಎರಡು ಕಾಳು ಕಲ್ಲುಸಕ್ಕರೆ ಇಡುತ್ತಿದ್ದಳು. ಅದಾಗದೆ ಯಾರಿಗೂ ಚಹಾ ಇಲ್ಲ. ಮೊದಲು ಅಪ್ಪ, ಅವನು ಹಿರಿಯ ಮಗ, ಹೈಸ್ಕೂಲಿನಲ್ಲಿ ಮಾಸ್ತರ. ಆಮೇಲೆ ಅಪ್ಪನ ತಮ್ಮ ಕಾಕಾ, ಅವನು ಮುತ್ಯಾನ ಜೊತೆ ಕಾರಖಾನೆ ನೋಡಿಕೊಳ್ಳುತ್ತಿದ್ದ. ನಂತರ ನಾವು ಮಕ್ಕಳು, ಕೊನೆಗೆ ಸೊಸೆಯಂದಿರು. ಆಯಿ ತನ್ನ ಗಂಡನ ಹೆಸರು ಹೇಳುತ್ತಿರಲಿಲ್ಲ; ಆ ಕಾಲದ ಯಾವ ಹೆಂಗಸೂ ಹೇಳುತ್ತಿರಲಿಲ್ಲ. ಆದರೆ ಮುತ್ಯಾನ ಹೆಸರು ಮಲ್ಲಪ್ಪ, ಗುಡ್ಡದ ಮೇಲಿನ ದೇವರೂ ಮಲ್ಲಯ್ಯನೇ. ಹೀಗಾಗಿ ಅವಳು ದೇವರ ಹೆಸರನ್ನೂ ಬಿಟ್ಟಿದ್ದಳು. ‘ಗುಡ್ಡದಪ್ಪ’ ಎಂದು ಕೈ ಮುಗಿಯುತ್ತಿದ್ದಳು. ಶಾಲೆಯಲ್ಲಿ ನನ್ನನ್ನು ಸೆರೆಗೌಡರ ಮೊಮ್ಮಗಳು ಎಂದು ಹುಡುಗಿಯರು ಕಾಡಿದ ದಿನ ಅತ್ತುಕೊಂಡು ಬಂದಿದ್ದೆ. ಆಯಿ ನನ್ನ ಮೂಗು ಒರೆಸಿ, ಅವರ ಅವ್ವಂದಿರು ಬಾಣಂತಿ ಇದ್ದಾಗ ಯಾರ ಮನೆಯಿಂದ ಬಾಟ್ಲಿ ಹೋಗಿತ್ತು ಕೇಳು ಎಂದಳು. ಮರುದಿನ ಕೇಳಿದೆ. ಬಹಳ ಉಪಯೋಗವಾಯಿತು.

ಮುತ್ಯಾ ನಾಗರ ಪಂಚಮಿ ಆದ ಮೇಲೆ ತೀರಿಕೊಂಡ. ತೋಟದ ಅಂಚಿಗೇ ಅವನನ್ನು ಮಣ್ಣು ಮಾಡಿ, ಗದ್ದುಗೆ ಕಟ್ಟಿದರು. ವರ್ಷ ತುಂಬುವ ದಿನಕ್ಕೆ ಅವನ ನೆನಪಿಗೆ ಒಂದು ಬೇರೆಯೇ ವೈನು ಮಾಡಬೇಕೆಂದು ಕಾಕಾನ ತಲೆಯಲ್ಲಿ ಬಂದದ್ದು ಯಾವಾಗ ಎಂದು ಗೊತ್ತಿಲ್ಲ. ಬ್ಯಾಸಗಿಯ ಹೊತ್ತಿಗೆ ಅವನು ಅದನ್ನು ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಪುಣೆಯ ಕಡೆ ಯಾವುದೋ ತೋಟ ನೋಡಿ ಬಂದಿದ್ದ. ಸಿಹಿ ಹಾಕಿದ್ದು ಬಾಣಂತಿಯರ ಪಾಲಿನದು, ನಿಜವಾದ ಕೆಂಪು ವೈನಿಗೆ ಸಕ್ಕರೆ ತಾಗಿಸಬಾರದು ಎಂದು ಅಲ್ಲಿ ಯಾರೋ ಹೇಳಿದ್ದರು. ತೋಟದ ಅತಿ ಹಳೆಯ ಸಾಲಿನ, ಮುತ್ಯಾ ಹೈದರಾಬಾದಿನಿಂದ ತಂದ ಬಳ್ಳಿಗಳ ಹಣ್ಣು ಮಾತ್ರ ಹಾಕಿ ಮೂರು ಪೀಪಾಯಿ ಮಾಡುವುದು, ಬಾಟ್ಲಿಗೆ ‘ಮಲ್ಲಪ್ಪ’ ಎಂದೇ ಹೆಸರಿಡುವುದು, ಚೀಟಿಯ ಮೇಲೆ ರುಮಾಲು ಸುತ್ತಿದ ಮುತ್ಯಾನ ಫೋಟೋ ಹಾಕುವುದು. ಲಿಂಗಸುಗೂರಿನ ಪ್ರೆಸ್ಸಿನಿಂದ ಚೀಟಿಯ ಮಾದರಿಯನ್ನೂ ಮಾಡಿಸಿಕೊಂಡು ಬಂದು ಒಂದು ಸಂಜೆ ಪಡಸಾಲೆಯಲ್ಲಿ ಹರವಿದ. ಫೋಟೋದಲ್ಲಿ ಹಣೆಯ ವಿಭೂತಿ ಬಹಳ ಸ್ಪಷ್ಟವಾಗಿ ಬಂದಿತ್ತು. ಅಪ್ಪ ಅದನ್ನು ಮುಟ್ಟಲಿಲ್ಲ. ಮಕ್ಕಳಿಗೆ ವಚನ ಕಲಿಸುವವನು ನಾನು, ನಮ್ಮ ಅಪ್ಪನ ಮುಖ ಬಾರಿನ ಕಪಾಟಿನಲ್ಲಿದ್ದರೆ ಶಾಲೆಗೆ ಯಾವ ಮುಖ ಇಟ್ಟುಕೊಂಡು ಹೋಗಲಿ ಎಂದ. ಕಾಕಾ, ಅದೇ ಬಾಟ್ಲಿಯ ಅನ್ನ ತಿಂದೇ ನೀನು ಮಾಸ್ತರ ಆದೆ ಎಂದ. ಆಗ ಆಯಿ ಹೊರಗೆ ಬಂದಳು. ಚೀಟಿಯನ್ನು ಎತ್ತಿ, ದೂರ ಹಿಡಿದು, ಗಂಡನ ಮುಖವನ್ನು ಬಹಳ ಹೊತ್ತು ನೋಡಿದಳು.

“ಕುಡದವರು ಸಿಂಧನೂರ ಬಸ್ ಸ್ಟ್ಯಾಂಡಿನ ಗಟಾರಕ್ಕ ಒಗದು ಹೋಗತಾರಪಾ. ವಿಭೂತಿ ಹಚ್ಚಿದ ಮಾರಿ ಅದರಾಗ ಬೀಳಬೇಕೇನು?”

“ಅಪ್ಪ ಕಟ್ಟಿದ್ದು ಬೇ ಇದು. ಅವನ ಹೆಸರು ಎಲ್ಲೆರ ಒಂದ್ ಕಡಿ ಇರಬೇಕೋ ಬ್ಯಾಡೋ?”

“ಗದ್ದಿಗಿ ಐತಲ್ಲ.”

“ಗದ್ದಿಗಿಗೆ ಯಾರ ಬರತಾರ ಬೇ? ನಾನು, ನೀನು, ತ್ವಾಟದ ನಾಯಿ.”

ಆಯಿ ಚೀಟಿಯನ್ನು ಸೆರಗಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು. ಬೇಡ ಎಂದು ಹೇಳಲಿಲ್ಲ, ಹೂಂ ಎಂದೂ ಹೇಳಲಿಲ್ಲ. ಅವಳು ಹೂಂ ಎನ್ನದೆ ನಮ್ಮ ಮನೆಯಲ್ಲಿ ಉಪ್ಪಿನಕಾಯಿಯ ಭರಣಿಯೂ ತೆರೆಯುತ್ತಿರಲಿಲ್ಲ. ಹಾಗಾಗಿ ಕಾಕಾ ವೈನು ಮಾಡುವುದನ್ನು ಮುಂದುವರಿಸಿದ, ಚೀಟಿ ಅಚ್ಚು ಹಾಕಿಸುವುದನ್ನು ನಿಲ್ಲಿಸಿ ಕಾದ.

ಮಾಡುವಾಗ ಅವನು ಒಂದು ಸುಧಾರಣೆ ಮಾಡಿದ. ಹೆಂಗಸರು ಅಂಗೈಯಿಂದ ತಿಕ್ಕುವುದು ತಡ, ತನ್ನ ಅಪ್ಪನ ಹೆಸರಿನದಕ್ಕೆ ಯಾರ್ಯಾರದೋ ಕೈ ಯಾಕೆ ಎಂಬ ಭಾವನೆಯೂ ಇದ್ದಿರಬಹುದು. ಸಿಂಧನೂರಿನ ಬಸ್ ಸ್ಟ್ಯಾಂಡಿನ ಮುಂದೆ ಕಬ್ಬಿನ ಹಾಲು ಮಾರುವವನು ಆ ವ್ಯಾಪಾರ ಬಿಡುತ್ತಿದ್ದ. ಅವನ ಕಬ್ಬಿಣದ ಗಾಣವನ್ನು ಕೊಂಡು ತಂದು, ತೊಳೆದು, ಗೆಜ್ಜೆ ಬಿಚ್ಚಿ, ದ್ರಾಕ್ಷಿಯನ್ನು ಅದರಲ್ಲಿ ಹಾಕಿ ತಿರುಗಿಸಿದ. ನಾವು ಮಕ್ಕಳು ನೋಡಲು ಹೋಗಿದ್ದೆವು. ಒಂದು ದಿನದ ಕೆಲಸ ಎರಡು ತಾಸಿಗೆ ಮುಗಿಯಿತು. ರಸ ನೊರೆಯಾಗಿ ಸುರಿಯುತ್ತಿದ್ದುದು ಎಷ್ಟು ಚೆಂದ ಕಂಡಿತೆಂದರೆ, ಕಾಕಾನನ್ನು ನಾನು ಆ ದಿನ ಮುತ್ಯಾನಿಗಿಂತ ಜಾಣ ಎಂದುಕೊಂಡೆ. ಉಳಿದದ್ದನ್ನೆಲ್ಲ ಅವನು ಮುತ್ಯಾ ಬರೆದಿಟ್ಟಿದ್ದ ಲೆಕ್ಕದ ವಹಿಯ ಪ್ರಕಾರವೇ ಮಾಡಿದ. ಮುತ್ಯಾ ಕಲಿತದ್ದು ಉರ್ದು ಶಾಲೆಯಲ್ಲಿ. ವಹಿಯೂ ಉರ್ದುವಿನಲ್ಲೇ ಇತ್ತು. ಕಾಕಾ ಅದನ್ನು ಒಬ್ಬ ಉರ್ದು ಮಾಸ್ತರರಿಂದ ಓದಿಸಿ ಕನ್ನಡದಲ್ಲಿ ಬರೆದುಕೊಂಡಿದ್ದ. ಎಷ್ಟು ದಿನ ಕುದಿಯಬೇಕು, ಯಾವಾಗ ಸೋಸಬೇಕು, ಯಾವ ಮೋಡಕ್ಕೆ ಪೀಪಾಯಿ ಮುಚ್ಚಬೇಕು, ಎಲ್ಲ ಅದರಲ್ಲಿತ್ತು. ಲೋಟ ಮನೆಗೆ ಹೋಗುವ ಸಂಗತಿ ಮಾತ್ರ ಇರಲಿಲ್ಲ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಮಧ್ಯಾಹ್ನ ಸುಬ್ಬಾರಾವ್ ಬಂದ. ಅವನು ನೀರಾವರಿ ಕಾಲುವೆ ಬಂದಾಗ ಆಂಧ್ರದ ಕಡೆಯಿಂದ ಬಂದು ವಲಸೆ ರೈತರ ಕ್ಯಾಂಪಿನಲ್ಲಿ ನೆಲೆಯಾದವರ ಪೈಕಿ. ಸಿಂಧನೂರಿನಲ್ಲಿ ಹೊಟೇಲು ಮತ್ತು ಬಾರು ಇಟ್ಟಿದ್ದ. ಮುತ್ಯಾನ ಕಾಲದಿಂದಲೂ ನಮ್ಮ ಮಾಲು ತೆಗೆದುಕೊಳ್ಳುತ್ತಿದ್ದವನು. ಹೊಸ ವೈನಿನ ಒಂದು ಕ್ಯಾನನ್ನು ಕಾಕಾ ಅವನಿಗೆ ರುಚಿ ನೋಡಲು ಕೊಟ್ಟು ಬಂದಿದ್ದ. ಅದೇ ಕ್ಯಾನನ್ನು ಮೋಟಾರ್ ಸೈಕಲ್ಲಿಗೆ ಕಟ್ಟಿಕೊಂಡು ತಿರುಗಿ ತಂದಿದ್ದ. ನಾವು ಅಂಗಳದಲ್ಲಿ ಮಣ್ಣಿನ ಎತ್ತಿಗೆ ಜೋಳದ ಕಾಳಿನ ಕಣ್ಣು ಇಡುತ್ತಿದ್ದೆವು. ಒಳಗೆ ಅವ್ವ ಹೋಳಿಗೆ ಬೇಯಿಸುತ್ತಿದ್ದಳು. ಸುಬ್ಬಾರಾವ್ ಕೂತು, ನೀರು ಕುಡಿದು, ಯೋಗಕ್ಷೇಮ ಎಲ್ಲ ಆದ ಮೇಲೆ ಬಹಳ ಸಂಕೋಚದಿಂದ ಮಾತು ತೆಗೆದ.

“ಚೇದು ಐತಿ ಗೌಡ್ರ. ಕಹಿ. ನಾಲಿಗಿ ಹಿಡದು ಬಿಡಾಂಗಿಲ್ಲ. ದೊಡ್ಡೋರು ಇದ್ದಾಗ ಒಂದ್ ಸಲಾನೂ ಹಿಂಗ ಆಗಿರಲಿಲ್ಲ ನೋಡ್ರಿ.”

ಕಾಕಾ ವಹಿ ತಂದ. ಒಂದೊಂದೇ ಸಾಲು ಓದಿ, ಬೆರಳಿಟ್ಟು, ತಾನು ಹಾಗೆಯೇ ಮಾಡಿದ್ದೇನೆ ಎಂದು ತೋರಿಸಿದ. ಪೀಪಾಯಿಯ ಮರ ಹಳೆಯದಾಗಿರಬಹುದು ಎಂದ, ಮಳೆ ತಡವಾಯಿತು ಎಂದ, ಕೊನೆಗೆ ಸುಬ್ಬಾರಾವನ ನಾಲಿಗೆಗೆ ಖಾರ ತಿಂದು ತಿಂದು ರುಚಿ ಹೋಗಿದೆ ಎಂದ. ಕಾಕಾ ತಾನೇ ದಿನಕ್ಕೆ ಹತ್ತು ಸಲ ತಂಬಾಕು ಹಾಕುವವನು. ತಾನು ಕುಡಿದು ನೋಡಿದ್ದೇನೆ, ಚೆನ್ನಾಗಿದೆ ಎಂದಾಗ ಅಪ್ಪ ನಕ್ಕ. ಆ ನಗೆಗೆ ಕಾಕಾನ ಕಣ್ಣಲ್ಲಿ ನೀರು ಬಂತು. ಇದು ನನಗೆ ಖಚಿತವಾಗಿ ನೆನಪಿದೆ, ಏಕೆಂದರೆ ಮೀಸೆ ಇರುವ ಗಂಡಸು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು. ತನ್ನ ಅಪ್ಪ ಸತ್ತಾಗಲೂ ಅಳದವನು ಹೆಗಲ ಮೇಲಿನ ಟವೆಲ್ಲಿನಿಂದ ಮುಖ ಮುಚ್ಚಿಕೊಂಡು, ಅವನ ಹೆಸರಿಗೆ ನಾನೇ ಮಸಿ ಬಳಿದೆ ಎಂದ. ಒಲೆಯ ಕಡೆಯಿಂದ ಆಯಿಯ ದನಿ ಬಂತು. ಮೊದಲೇ ಹೇಳಿದೆನಲ್ಲ, ಆ ಕಡೆಯ ಮಾತು ಈ ಕಡೆಗೆ ಕೇಳುವುದಿಲ್ಲ ಎಂದು. ಆ ದಿನ ಕೇಳಿತು.

“ಒಂದ್ ಲೋಟ ತಗೊಂಡ್ ಬಾ.”

ಕಾಕಾ ಕ್ಯಾನಿನಿಂದ ಬಗ್ಗಿಸಿ ಒಯ್ದ. ನಾನು ಕೈಯ ಮಣ್ಣನ್ನೂ ತೊಳೆಯದೆ ಹಿಂದೆ ಹೋದೆ. ಅವಳು ಕದ ಹಾಕಲಿಲ್ಲ. ಒಲೆಯ ಮುಂದಿನಿಂದ ಎದ್ದು, ಸೆರಗಿನೊಳಗೆ ಕೈ ಹಾಕಿ, ಎದೆಯ ಮೇಲಿನ ಕರಡಿಗೆಯನ್ನು ದಾರದ ಸಮೇತ ಬೆನ್ನ ಕಡೆಗೆ ಸರಿಸಿಕೊಂಡಳು. ಅವ್ವ ಇದನ್ನು ಒಪ್ಪುವುದಿಲ್ಲ. ಹಾಗೆ ಮಾಡಿದ್ದರೆ ಪಕ್ಕದಲ್ಲೇ ಇದ್ದ ನನಗೆ ಕಾಣುತ್ತಿರಲಿಲ್ಲವೇ ಎನ್ನುತ್ತಾಳೆ. ಇರಬಹುದು. ನನಗಂತೂ ಅದು ಬೆನ್ನಿನ ಮೇಲೆ ಸೆರಗಿನಡಿಯಲ್ಲಿ ಉಬ್ಬಿ ನಿಂತದ್ದು ಕಾಣುತ್ತದೆ. ಅಷ್ಟು ಸಲೀಸಾಗಿ ಸರಿಯಿತೆಂದರೆ ಅದಕ್ಕೆ ಆ ದಾರಿ ಗೊತ್ತಿತ್ತು. ಆಮೇಲೆ ಲೋಟ ಎತ್ತಿ, ಮೊದಲು ಮೂಗಿನ ಹತ್ತಿರ ಹಿಡಿದು, ಒಂದು ಗುಟುಕು ಬಾಯಲ್ಲಿ ತೆಗೆದುಕೊಂಡು, ಕಣ್ಣು ಮುಚ್ಚಿ ಈ ದವಡೆಯಿಂದ ಆ ದವಡೆಗೆ ಹೊರಳಿಸಿದಳು. ಬಚ್ಚಲಿನ ಕಡೆಗೆ ತಿರುಗಿದಳು. ಉಗುಳಿದಳೋ ನುಂಗಿದಳೋ ಯಾರಿಗೂ ಕಾಣಲಿಲ್ಲ.

“ಬೀಜ ಒಡದಾವ. ಕಬ್ಬಿಣದಾಗ ಹಿಂಡೀರೇನು?”

ಕಾಕಾ ಗಾಣದ ಸಂಗತಿ ಮನೆಯಲ್ಲಿ ಆಯಿಗೆ ಹೇಳಿರಲಿಲ್ಲ. ಮಕ್ಕಳಾದ ನಾವೂ ಹೇಳಿರಲಿಲ್ಲ ಎಂದು ನನ್ನ ತಮ್ಮ ಆಣೆ ಮಾಡುತ್ತಾನೆ. ಕಾಕಾ ಹೂಂ ಎಂದ. ಅವಳು ಹೋಳಿಗೆಯ ಬಟ್ಟಲು ಸರಿಸಿ ಕೂತು, ಅವನಿಗೆ ಪಾಠ ಹೇಳುವ ಹಾಗೆ ಹೇಳಿದಳು. ಅಂಗೈ ಮೆತ್ತಗೆ, ಅದಕ್ಕೆ ಬೀಜ ಜಾರುತ್ತದೆ. ಕಬ್ಬಿಣ ಬೀಜವನ್ನು ಬಿಡುವುದಿಲ್ಲ. ಸಕ್ಕರೆ ಹಾಕಿದ್ದರೆ ಕಹಿ ಅದರಡಿ ಅಡಗುತ್ತಿತ್ತು, ನೀನು ಸಕ್ಕರೆ ಹಾಕಲಿಲ್ಲ. ಹಿಂದೆಯೂ ಒಮ್ಮೆ ಹೀಗೆ ಆಗಿತ್ತು, ಯಾರೋ ಜರಡಿಯ ಬದಲು ಒರಳಿಗೆ ಹಾಕಿದ್ದರು. ಆಗ ಏನು ಮಾಡಿದ್ದೆವು ಎಂದು ನೆನಪಿಸಿಕೊಂಡಳು.

“ಪಾಕದಾಗಿನ ಹೊಲಸು ಹಾಲು ಹಾಕಿ ತಗಿಯೂದಿಲ್ಲೇನು? ಹಂಗ. ಕೆನಿ ತಗದ ಹಾಲು ಹಾಕು. ಮೊದಲ ಒಂದ್ ಕೊಡಕ್ಕ ಹಾಕಿ ನೋಡು. ನಾಕ್ ದಿನ ಅಲಗಾಡಸಬ್ಯಾಡ. ಮ್ಯಾಲಿಂದಷ್ಟ ತಗಿ, ಬುಡದ್ದು ಚೆಲ್ಲು.”

ಬಾಗಿಲಲ್ಲಿ ಅಪ್ಪ ನಿಂತಿದ್ದ. ಅವನ ಮುಖ ನೋಡಿದಾಗ ಮಾತ್ರ ನನಗೆ ಆಗಿದ್ದು ಏನೆಂದು ತಿಳಿಯಿತು. ಶಾಲಿನ ಮರೆಯಲ್ಲಿ ಬರುತ್ತಿದ್ದ ಅಷ್ಟೂ ವರ್ಷಗಳ ಲೋಟಗಳು ತುಳಸಿ ಗಿಡಕ್ಕೆ ಹೋಗಿರಲಿಲ್ಲ. ಕಾರಖಾನೆಯ ನಾಲಿಗೆ ಇಲ್ಲಿ, ಒಲೆಯ ಮುಂದೆ ಇತ್ತು.

“ಯವ್ವಾ, ನುಂಗಿದೇನು?” ಎಂದ ಅಪ್ಪ.

“ನೀ ಹುಟ್ಟಿದಾಗ ಔಷಧ ಅಂತ ಕೊಟ್ಟಿದ್ರು. ನುಂಗಿದೇನು ಅಂತ ಅವಾಗ ಯಾರೂ ಕೇಳಲಿಲ್ಲ.”

ಅಷ್ಟು ಹೇಳಿ ಅವಳು ಬಚ್ಚಲಿಗೆ ಹೋಗಿ ತಲೆಯ ಮೇಲೆ ನೀರು ಹಾಕಿಕೊಂಡಳು. ಸುಬ್ಬಾರಾವ್ ಹೋಳಿಗೆ ಉಣ್ಣದೆ ಹೋದ. ಅಪ್ಪನೂ ಉಣ್ಣಲಿಲ್ಲ. ಮಣ್ಣಿನ ಎತ್ತುಗಳಿಗೆ ಆರತಿ ಮಾಡಲು ಯಾರಿಗೂ ನೆನಪಾಗಲಿಲ್ಲ. ಸಂಜೆ ನಾನು ಮತ್ತು ತಮ್ಮ ಇಬ್ಬರೇ ಮಾಡಿದೆವು.

ಮರುದಿನ ಬೆಳಿಗ್ಗೆ ಆಯಿ ಎಂದಿನಂತೆ ಹೊಸ್ತಿಲಿಗೆ ಬಂದು ಕೂತಳು. ಅಪ್ಪ ಬರಲಿಲ್ಲ. ತಾನೇ ಗೂಡಿನಿಂದ ವಿಭೂತಿ ತೆಗೆದು ಹಚ್ಚಿಕೊಂಡು, ಚಹಾ ಕುಡಿಯದೆ ಶಾಲೆಗೆ ಹೋದ. ಅಪ್ಪನ ಸಿಟ್ಟು ಯಾವಾಗಲೂ ಹಾಗೆಯೇ, ಏನನ್ನೋ ಮಾಡದೆ ಬಿಡುವುದು. ಆಯಿ ಅವನ ಪಾಲಿನ ಕೊಬ್ಬರಿ ಸಕ್ಕರೆಯನ್ನು ಒಂದು ಬಟ್ಟಲಿನಲ್ಲಿ ತೆಗೆದಿಟ್ಟಳು. ಮಧ್ಯಾಹ್ನದವರೆಗೆ ಕಾದು ಅದನ್ನು ನನಗೆ ಕೊಟ್ಟಳು. ಹೀಗೆ ಹತ್ತು ಹನ್ನೆರಡು ದಿನ ನಡೆಯಿತು. ನನಗೆ ದಿನವೂ ಎರಡು ಪಾಲು ಕಲ್ಲುಸಕ್ಕರೆ. ಮನೆಯಲ್ಲಿ ಏನೋ ಕೆಟ್ಟದ್ದು ನಡೆದಿದೆ ಎಂದು ಗೊತ್ತಿತ್ತು, ಅದು ಇನ್ನಷ್ಟು ದಿನ ನಡೆಯಲಿ ಎಂಬ ಆಸೆಯೂ ಇತ್ತು. ಡೈರಿಯಲ್ಲಿ ಇದನ್ನು ಬರೆದಿಲ್ಲ. ಬರೆಯದೆ ಇದ್ದುದರಿಂದಲೇ ಇದು ನಿಜವಿರಬೇಕು ಅನಿಸುತ್ತದೆ. ಆಯಿ ಆ ದಿನಗಳಲ್ಲಿ ಕುಗ್ಗಿದಳು. ಅಡುಗೆಯಲ್ಲಿ ಉಪ್ಪು ತಪ್ಪುತ್ತಿತ್ತು. ಉಪ್ಪು ನೋಡು ಎಂದು ಅವ್ವನನ್ನು ಕರೆಯುತ್ತಿದ್ದಳು, ತಾನು ನೋಡುತ್ತಿರಲಿಲ್ಲ. ಇಷ್ಟು ವರ್ಷ ಮನೆಗೆಲ್ಲ ಮಡಿ ಕಲಿಸಿದವಳು, ತನ್ನ ಕೈಯ ಪ್ರಸಾದವನ್ನು ಹಿರಿಯ ಮಗ ಬೇಡ ಎಂದರೆ ಉಳಿಯುವುದೇನು ಎಂದು ನಾನು ಈಗ ಕೇಳಿಕೊಳ್ಳಬಲ್ಲೆ. ಆಗ ಸಕ್ಕರೆ ಚೀಪುತ್ತಿದ್ದೆ.

ಕಾಕಾ ಒಂದು ಕೊಡಕ್ಕೆ ಹಾಲು ಹಾಕಿ ನೋಡಿದ. ಆಮೇಲೆ ಒಂದು ಶನಿವಾರ ಅಪ್ಪ ಅರ್ಧ ದಿನದ ಶಾಲೆ ಮುಗಿಸಿ ಮನೆಗೆ ಬರದೆ ಲಿಂಗಸುಗೂರಿನ ಬಸ್ಸು ಹತ್ತಿ ತೋಟಕ್ಕೆ ಹೋದನಂತೆ. ಅಣ್ಣತಮ್ಮಂದಿರು ಅಲ್ಲಿ ಏನು ಮಾತಾಡಿದರು ಎಂದು ಇಬ್ಬರೂ ಎಂದೂ ಹೇಳಲಿಲ್ಲ. ಸಂಜೆ ಅಪ್ಪ ಮನೆಗೆ ಬಂದಾಗ ಅವನ ಕೈಯಲ್ಲಿ ಶಾಲೆಯ ಚೀಲ ಇತ್ತು, ಚೀಲವನ್ನು ಎರಡೂ ಕೈಯಿಂದ ನೆಟ್ಟಗೆ ಹಿಡಿದಿದ್ದ. ಸೀದಾ ಅಡುಗೆಮನೆಗೆ ಹೋಗಿ, ಹಾಜರಿ ಪುಸ್ತಕ ಮತ್ತು ಸೀಸದ ಕಡ್ಡಿಗಳ ನಡುವಿನಿಂದ ಮುಚ್ಚಳದ ಲೋಟ ತೆಗೆದು ಆಯಿಯ ಮುಂದೆ ಇಟ್ಟ. ಸ್ವಲ್ಪ ಚೆಲ್ಲಿ ಹಾಜರಿ ಪುಸ್ತಕದ ಅಂಚು ಕೆಂಪಾಗಿತ್ತು.

“ತಮ್ಮ ಕೊಟ್ಟು ಕಳಿಸ್ಯಾನ. ನೋಡಬೇಕಂತ.”

ಹೇಳಿ ಅವನು ಹೊರಗೆ ಬಂದು ಕದವನ್ನು ತಾನೇ ಮುಂದೆ ಮಾಡಿದ. ಪಡಸಾಲೆಯಲ್ಲಿ ಕೂತು ಪೇಪರು ಓದಿದ, ಓದುತ್ತಿದ್ದಂತೆ ನಟಿಸಿದ. ಕದ ತೆರೆದು ಆಯಿ ಹೊರಬಂದಾಗ ಲೋಟ ಖಾಲಿಯಿತ್ತು. ಕಹಿ ಹೋಗಿದೆ, ಇನ್ನೂ ಮೂರು ವಾರ ಇರಲಿ, ಪಂಚಮಿಗೆ ತುಂಬಿಸಬಹುದು ಎಂದು ಹೇಳಲು ಹೇಳಿದಳು. ಮರುದಿನ ಬೆಳಿಗ್ಗೆ ಅಪ್ಪ ಹೋಗಿ ಹಣೆ ಒಡ್ಡಿದ, ಕೈ ಒಡ್ಡಿದ. ಅವಳು ಎಂದಿಗಿಂತ ಹೆಚ್ಚು ವಿಭೂತಿ ಹಚ್ಚಿದಳು, ಅದು ಅವನ ಹುಬ್ಬಿನ ಮೇಲೆಲ್ಲ ಉದುರಿತು. ಅವನು ಒರೆಸಿಕೊಳ್ಳಲಿಲ್ಲ. ನನ್ನ ಕಲ್ಲುಸಕ್ಕರೆ ಮತ್ತೆ ಎರಡು ಕಾಳಿಗೆ ಇಳಿಯಿತು.

ಮೂರು ಪೀಪಾಯಿಗಳಲ್ಲಿ ಎರಡು ಉಳಿದವು. ಮೂರನೆಯದು ಹಾಲಿಗೂ ಬಗ್ಗದೆ ತೋಟದ ಗೊಬ್ಬರದ ಗುಂಡಿಗೆ ಹೋಯಿತು. ಚೀಟಿಯ ವಿಷಯಕ್ಕೆ ಆಯಿ ಕೊನೆಗೂ ಬಾಯಿ ಬಿಟ್ಟಳು: ಹೆಸರು ಇರಲಿ, ಮುಖ ಬೇಡ. ಅಷ್ಟಕ್ಕೆ ಕಾಕಾ ಸುಮ್ಮನಿರದೆ, ಚೀಟಿಯ ಮೇಲೆ ಅವಳ ಹೆಸರನ್ನೂ ಹಾಕುತ್ತೇನೆಂದು ಹಟ ಹಿಡಿದ. ನಿಜವಾಗಿ ಇದು ಇಬ್ಬರದೂ ಎಂದ. ಅವಳು ಅಕ್ಕಿ ಆರಿಸುತ್ತಾ ತಲೆಯೆತ್ತದೆ ಹೇಳಿದ ಮಾತು ನಮ್ಮ ಮನೆಯಲ್ಲಿ ಈಗಲೂ ನಗೆಯ ಮಾತಾಗಿ ಉಳಿದಿದೆ.

“ಅವರದ ಹಾಕು. ಕುಡೀಲಾರದವರ ಹೆಸರು ಬಾಟ್ಲಿಗೆ ಛಲೋ.”

ವರ್ಷದ ದಿನ ತೋಟದಲ್ಲಿ ಗದ್ದುಗೆಗೆ ಪೂಜೆಯಾಯಿತು. ಆಯಿಯ ತವರು ಬಳಗಾನೂರಿನಿಂದಲೂ ಜನ ಬಂದಿದ್ದರು. ಗೋಧಿ ಹುಗ್ಗಿ, ಬದನೆಕಾಯಿ, ಸಜ್ಜೆ ರೊಟ್ಟಿ ಎಡೆ ಹಿಡಿದರು. ಕಾಕಾ ಮೊದಲ ಬಾಟ್ಲಿಯನ್ನು ತೆರೆದು ಗದ್ದುಗೆಯ ಮೇಲೆ ನಾಲ್ಕು ಹನಿ ಹಾಕಲು ಹೋದಾಗ ಆಯಿ ಕೈ ಹಿಡಿದಳು. ಇದ್ದಾಗ ಮುಟ್ಟಲಿಲ್ಲ, ಈಗ ಯಾಕೆ ಕುಡಿಸುತ್ತೀ ಎಂದಳು. ಬಾಟ್ಲಿ ಮುಚ್ಚಿಯೇ ಪಕ್ಕದಲ್ಲಿ ಇಟ್ಟರು. ಹಸಿರು ಗಾಜು, ಬಿಳಿ ಚೀಟಿ, ಒಂದು ಗೊಂಚಲಿನ ಚಿತ್ರ, ಅದರಡಿ ಕನ್ನಡದಲ್ಲಿ ಮೂರು ಅಕ್ಷರ. ಆಯಿಗೆ ಆ ವೈನಿನ ಹೆಸರನ್ನು ಹೇಳಲು ಬರುವಂತಿರಲಿಲ್ಲವಾದ್ದರಿಂದ, ಕೊನೆಯವರೆಗೂ ಅದನ್ನು ‘ಅವರದು’ ಎಂದೇ ಕರೆದಳು. ಅವರದು ಈ ಸಲ ಹುಳಿ ಬಂದಿದೆ, ಅವರದಕ್ಕೆ ಇನ್ನೊಂದು ವಾರ ಬೇಕು. ಗೊತ್ತಿಲ್ಲದವರು ಕೇಳಿದರೆ ಮುತ್ಯಾ ಒಳಗೆ ಮಲಗಿದ್ದಾನೆ ಎಂದುಕೊಳ್ಳಬೇಕು.

ಇಷ್ಟು ಬರೆದ ಮೇಲೆ ನನಗೊಂದು ಅನುಮಾನ ಬರುತ್ತದೆ. ವಿಶ್ವವಿದ್ಯಾಲಯದಲ್ಲಿ ಓದಿ ಬಂದವಳು ನಾನು. ಮುಚ್ಚಿದ ಕದಗಳ ಹಿಂದೆ ಹೆಂಗಸೊಬ್ಬಳ ವಿದ್ಯೆ ಅಡಗಿತ್ತು ಎಂಬ ಕಥೆ ನನಗೆ ಬೇಕಾದದ್ದು. ಹಾಗೆಂದು ಮುತ್ಯಾನ ಪಾಲನ್ನು ಕಡಿಮೆ ಮಾಡುತ್ತಿದ್ದೇನೆಯೇ? ಕಿವಿ ಹಚ್ಚಿ ಕೇಳಿದವನು ಅವನೇ, ಬಳ್ಳಿ ತಂದವನು ಅವನೇ. ಅವಳ ಮಾತು ಕೇಳಿ ಊಟ ಬಿಟ್ಟು ಎದ್ದು ಹೋಗುತ್ತಿದ್ದವನೂ ಅವನೇ. ಎಷ್ಟು ಗಂಡಸರು ಹಾಗೆ ಎದ್ದು ಹೋಗುತ್ತಾರೆ? ಲೋಟದ ವಿಷಯವನ್ನು ವಹಿಯಲ್ಲಿ ಬರೆಯದೆ ಬಿಟ್ಟದ್ದು ತನ್ನ ಮಾನಕ್ಕೋ ಅವಳ ಮಾನಕ್ಕೋ ನನಗೆ ತಿಳಿಯದು. ಅವರಿಬ್ಬರೂ ಕದ ಹಾಕಿಕೊಂಡು ಒಂದು ಲೋಟದ ಮುಂದೆ ಕೂತು ಮಾತಾಡುತ್ತಿದ್ದ ಆ ಸ್ವಲ್ಪ ಹೊತ್ತನ್ನು ಊಹಿಸಿಕೊಂಡರೆ, ಅದು ಆ ತುಂಬಿದ ಮನೆಯಲ್ಲಿ ಅವರಿಗೆ ಸಿಕ್ಕ ಏಕಾಂತವೂ ಆಗಿತ್ತೇನೋ ಅನಿಸುತ್ತದೆ.

‘ಮಲ್ಲಪ್ಪ’ ಒಂಬತ್ತು ಹತ್ತು ಬ್ಯಾಸಗಿ ನಡೆಯಿತು. ಕಬ್ಬಿನ ಗಾಣ ಮತ್ತೆ ಬಸ್ ಸ್ಟ್ಯಾಂಡಿಗೆ ಹೋಯಿತು, ಹೆಂಗಸರು ಮತ್ತೆ ಜರಡಿಯ ಮುಂದೆ ಕೂತರು. ಬಳ್ಳಿಗಳಿಗೆ ರೋಗ ಬಿದ್ದ ಮೇಲೆ ಕಾಕಾ ದಾಳಿಂಬೆ ಹಚ್ಚಿದ. ನಾನು ಕಲಬುರಗಿಯಲ್ಲಿ ಎಂ.ಎ. ಓದುತ್ತಿದ್ದ ಕಾಲಕ್ಕೆ ಕೊನೆಯ ಪೀಪಾಯಿ ಖಾಲಿಯಾಗುತ್ತಿತ್ತು. ಒಮ್ಮೆ ರಜೆಗೆ ಬಂದವಳು ಕಾರಖಾನೆಯಲ್ಲಿ ಯಾರೂ ಇಲ್ಲದಾಗ ಅದನ್ನು ಒಂದು ಗುಟುಕು ಕುಡಿದೆ. ಮೊದಲು ನಾಲಿಗೆ ಒಗರಾಯಿತು. ಆಮೇಲೆ ಮಳೆ ಬಿದ್ದ ಮರಡಿ ನೆಲದ ವಾಸನೆಯಂಥದ್ದು, ಸುಟ್ಟ ಬೆಲ್ಲದಂಥದ್ದು ಗಂಟಲಲ್ಲಿ ಬಹಳ ಹೊತ್ತು ಉಳಿಯಿತು. ಇನ್ನೊಂದು ಗುಟುಕು ಕುಡಿದೆ. ಯಾರಿಗೂ ಹೇಳಲಿಲ್ಲ. ಮನೆಗೆ ಬಂದರೆ ಆಯಿ ಹಿತ್ತಲಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಹತ್ತಿಯ ಬತ್ತಿ ಹೊಸೆಯುತ್ತಿದ್ದಳು. ಅವಳು ಉಗುಳಿದಳೋ ನುಂಗಿದಳೋ ಎಂದು ಮನೆಯವರೆಲ್ಲ ವರ್ಷಗಟ್ಟಲೆ ವಾದ ಮಾಡಿದ್ದರು. ಪಾಪವೋ ಅಲ್ಲವೋ ಎಂದು ಅಯ್ಯನವರವರೆಗೆ ಮಾತು ಹೋಗಿತ್ತು. ಯಾರೂ ಕೇಳದ ಒಂದು ಪ್ರಶ್ನೆ ನನ್ನ ಬಾಯಿಗೆ ಬಂತು. ಅವಳಿಗಾಗಿ ಕೇಳಿದೆನೋ, ನನ್ನ ಆ ಎರಡನೆಯ ಗುಟುಕಿಗೆ ಜೊತೆ ಹುಡುಕುತ್ತಿದ್ದೆನೋ, ಹೇಳಲಾರೆ. ಅವಳು ನನ್ನನ್ನು ನೋಡಿದಳು, ಹೊಸೆಯುತ್ತಿದ್ದ ಬತ್ತಿಯನ್ನು ಮುಗಿಸಿದಳು, ಇನ್ನೊಂದಕ್ಕೆ ಹತ್ತಿ ಎಳೆದುಕೊಂಡಳು. ಮರುವರ್ಷ ಅವಳೂ ಹೋದಳು. ನಾನು ಕೇಳಿದ್ದು ಇಷ್ಟೇ.

“ಆಯಿ, ಅಷ್ಟು ವರ್ಷ ರುಚಿ ನೋಡಿದೆಲ್ಲ. ನಿನಗ ಅದು ಸೇರತಿತ್ತೇನು?”